ಮೂರನೇ ಚಿತ್ರದ ಬಾಣ

ಜೂನ್ 3, ಮಂಗಳವಾರ

ಇದನ್ನು ನಮ್ಮ ಸೀರಿಯಲ್ ಗ್ರೂಪಿನಲ್ಲಿ ಬರೆಯುವ ಹಾಗಿಲ್ಲ. ಕಕ್ಷಿದಾರರ ವಿಷಯ ಹೊರಗೆ ಬಾಯಿ ಬಿಡುವುದಿಲ್ಲ ಎಂದು ಕೆಲಸಕ್ಕೆ ಸೇರಿದ ದಿನವೇ ಸಹಿ ಹಾಕಿಸಿಕೊಂಡಿದ್ದಾರೆ. ಯಾರಿಗೂ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ. ಹಾಗಾಗಿ ಇಲ್ಲಿ, ನನಗೆ ನಾನೇ.

ನಮ್ಮದು ಹಿಮಾಯತ್‌ನಗರದಲ್ಲಿ ಸೀರೆ ಅಂಗಡಿಯ ಮೇಲಿನ ಪುಟ್ಟ ಪೇಟೆಂಟ್ ಆಫೀಸು. ಯಾರಾದರೂ ಹೊಸ ಯಂತ್ರ ಕಂಡುಹಿಡಿದರೆ ಅದು ಅವರದೇ ಎಂದು ಸರ್ಕಾರದ ಮುಂದೆ ವಾದಿಸುವುದು ಗೋದಾವರಿ ಮೇಡಂ ಕೆಲಸ. ಫೈಲು ಜೋಡಿಸುವುದು, ಚಹಾ ಹೇಳುವುದು, ಸಾರಿ ಕೇಳುವುದು ನನ್ನ ಕೆಲಸ. ಇವತ್ತು ಮೇಡಂ ಕರೆದರು.

“ಸ್ನೇಹಲತಾ, ನೀ ಅವು ಚೀನೀ ಸೀರಿಯಲ್ ನೋಡ್ತಿಯಲ್ಲ?”

“ಸಾರಿ ಮೇಡಂ, ಊಟದ ಟೈಮಿನ್ಯಾಗ ಅಷ್ಟ...”

“ಬೈಯಾಕತ್ತಿಲ್ಲವಾ. ಚೀನೀ ಓದಿ ಇಂಗ್ಲಿಷಿಗೆ ಮಾಡೋರು ಬೇಕಾಗ್ಯಾರ. ಹುಡುಕು.”

ಬೇಕಾಗಿರುವುದು ಶಿವಶರಣಪ್ಪನವರಿಗೆ. ಸೇಡಂ ಕಡೆಯವರು, ಜೀಡಿಮೆಟ್ಲದಲ್ಲಿ ಸಣ್ಣ ವರ್ಕ್‌ಶಾಪ್ ಇದೆ. ತೊಗರಿ ಬೇಳೆ ಒಡೆಯದ ಹಾಗೆ ಹೊಟ್ಟು ತೆಗೆಯುವ ಯಂತ್ರ ಮಾಡಿದ್ದಾರೆ. ಜರಡಿಯ ಕೆಳಗಿನಿಂದ ಗಾಳಿ ಊದುತ್ತದೆ, ಹೊಟ್ಟು ಮೇಲಕ್ಕೆ ಹಾರುತ್ತದೆ, ಬೇಳೆ ಅಲ್ಲೇ ಉಳಿಯುತ್ತದೆ. ಪೇಟೆಂಟಿಗೆ ಅರ್ಜಿ ಹಾಕಿದರೆ, ಇಂಥದ್ದು ಚೀನಾದಲ್ಲಿ ಮೊದಲೇ ಬಂದಿದೆ ಎಂದು ಒಂದು ಚೀನೀ ಪೇಟೆಂಟನ್ನು ತೋರಿಸಿ ಪೇಟೆಂಟ್ ಅಧಿಕಾರಿಯಿಂದ ಆಕ್ಷೇಪಣೆ ಬಂದಿದೆ. 26ಕ್ಕೆ ವಿಚಾರಣೆ. ಅಷ್ಟರೊಳಗೆ ಆ ಚೀನೀ ಕಾಗದದಲ್ಲಿ ನಿಜವಾಗಿ ಏನು ಬರೆದಿದೆ ಎಂದು ನಮಗೆ ಗೊತ್ತಾಗಬೇಕು. ಕಂಪ್ಯೂಟರ್ ಮಾಡಿದ ಅನುವಾದ ಓದಿದೆ. ‘ಗಾಳಿಯು ಜರಡಿಯನ್ನು ಸಂತೋಷದಿಂದ ಪಡೆಯುತ್ತದೆ’ ಅಂತೆ. ಗಾಳಿಗಾದರೂ ಸಂತೋಷವಾಯಿತಲ್ಲ.

ನನಗೆ ಚೀನೀ ಬರುತ್ತದೆಯೇ? ಕಿವಿಗೆ ಸ್ವಲ್ಪ ಬರುತ್ತದೆ, ಅರಮನೆಯಲ್ಲಿ ಜಗಳವಾದರೆ. ವಿಷ, ಬಾಣ, ಮಹಾರಾಜ, ಅಯ್ಯೋ ನಾನಲ್ಲ, ಇಷ್ಟು ಚೆನ್ನಾಗಿ ಗೊತ್ತು. ಜರಡಿ, ಬೇರಿಂಗು ಯಾವ ರಾಜಕುಮಾರಿಯೂ ಅಂದಿಲ್ಲ.

ಆದರೆ ನನ್ನ ಹಿಂದೆ ‘ಬಿದಿರು ಮನೆ’ ಇದೆ! ನಮ್ಮ ಗ್ರೂಪು. ನಾನಾ ಊರಿನವರು ಸೇರಿ ಚೀನೀ ಸೀರಿಯಲ್‌ಗಳಿಗೆ ಇಂಗ್ಲಿಷ್ ಸಾಲು ಬರೆಯುತ್ತೇವೆ, ಪುಕ್ಕಟೆ, ಪ್ರೀತಿಗೆ. ನಾನು ಸಾಲುಗಳನ್ನು ಮಾತಿನ ಹೊತ್ತಿಗೆ ಹೊಂದಿಸುವವಳು. ಎಲ್ಲರ ಮೇಲೆ ಒಬ್ಬರಿದ್ದಾರೆ, ‘ಡಸ್ಟ್ ಟೀ’ ಎಂದು ಹೆಸರಿಟ್ಟುಕೊಂಡವರು. ಯಾರು, ಎಲ್ಲಿಯವರು, ಯಾರಿಗೂ ಗೊತ್ತಿಲ್ಲ. ಸಾಲಿನಲ್ಲಿ ತಪ್ಪಿದ್ದರೆ ಪಕ್ಕದಲ್ಲಿ ಒಂದು ಕೆಂಪು ಹೂ ಇಟ್ಟು ಹೋಗುತ್ತಾರೆ. ಬೈಗುಳವಿಲ್ಲ, ವಿವರಣೆಯಿಲ್ಲ. ಒಂದು ಹೂವಿಗೆ ದಿನವಿಡೀ ಊಟ ಸೇರುವುದಿಲ್ಲ. ನಾನು ಅವರ ಪರಮ ಭಕ್ತೆ.

ನಾಳೆಯಿಂದ ಬೇಟೆ.

ಜೂನ್ 6, ಶುಕ್ರವಾರ

ಜಾಹೀರಾತು ಹಾಕಿದ್ದೇ ತಡ, ದೇಶದ ತುಂಬ ಚೀನೀ ಪಂಡಿತರು! ಎಲ್ಲರಿಗೂ ಆ ಪೇಟೆಂಟಿನ ಒಂದು ಪುಟ ಪರೀಕ್ಷೆಗೆ ಕಳಿಸಿದೆ. ನಮ್ಮ ಆಫೀಸಿನ ಪದ್ಧತಿ ಏನೆಂದರೆ ಚಿತ್ರಗಳನ್ನು ಕತ್ತರಿಸಿ ಬರಿ ಅಕ್ಷರ ಕಳಿಸುವುದು. ಅನುವಾದಕರಿಗೆ ಚಿತ್ರದಲ್ಲಿ ಏನು ಕೆಲಸ, ಫೈಲು ಸುಮ್ಮನೆ ಭಾರ ಎಂದು ಮೊದಲಿನಿಂದ ಹಾಗೇ ನಡೆದು ಬಂದಿದೆ.

ಒಬ್ಬ ಚಹಾ ಆರುವುದರೊಳಗೆ ಮರಳಿಸಿದ. ತೆರೆದರೆ ಅದೇ ಸಂತೋಷದ ಗಾಳಿ. ಮಾದಾಪುರದ ಒಂದು ಕಂಪನಿಯವರು ಚಂದದ ಇಂಗ್ಲಿಷಿನಲ್ಲಿ ಬರೆದಿದ್ದರು, ಓದಿದರೆ ಜರಡಿ ಮದುವೆಗೆ ಹೊರಟ ಹಾಗೆ. ಮೇಡಂ ಪಕ್ಕದಲ್ಲಿ ಕೂತು ನೋಡಿದರು.

“ಇದರಾಗ ಗಾಳಿ ಎಲ್ಲಿಂದ ಬರ್ತೈತಿ?”

“ಗೊತ್ತಾಗಲಿಲ್ರಿ. ಆದ್ರ ಭಾಳ ಛಲೋ ಬರ್ದಾರ.”

“ಛಲೋ ತಗೊಂಡು ಏನ್ ಮಾಡ್ಲಿ? ಮೇಲಿಂದೋ ಕೆಳಗಿಂದೋ, ಅಷ್ಟ ಬೇಕು ನನಗ.”

ಸಾರಿ ಅಂದೆ.

ಜೂನ್ 9, ಸೋಮವಾರ

ಶಿವಶರಣಪ್ಪನವರು ಬಂದಿದ್ದರು. ಕೈಯಲ್ಲಿ ಬಟ್ಟೆ ಚೀಲ, ಅದರ ತುಂಬ ಅವರ ಯಂತ್ರದಿಂದ ಬಂದ ಬೇಳೆ. ಮೇಜಿನ ಮೇಲೆ ಸುರಿದರು. ಒಂದೂ ಒಡೆದಿರಲಿಲ್ಲ. ಬಂಗಾರದ ಗುಂಡಿಗಳ ಹಾಗೆ ಉರುಳಿ ನನ್ನ ಕೀಬೋರ್ಡಿನ ಸಂದಿಗೆ ಹೋದವು.

“ನೋಡವಾ ತಂಗಿ, ನಮ್ಮವ್ವ ಮೊರದಾಗ ಕೇರ್ತಿದ್ಲು. ಕಾಳು ಮ್ಯಾಲ ಒಗದು ಬಾಯಿಲೆ ಉಫ್ ಅಂತಿದ್ಲು. ಹೊಟ್ಟು ಹಾರಬೇಕು, ಕಾಳಿಗೆ ಪೆಟ್ಟು ಬೀಳಬಾರದು. ನಾ ಆ ಉಫ್ ಅನ್ನೂದನ್ನ ಕಬ್ಬಿಣದಾಗ ಮಾಡೀನಿ, ಅಷ್ಟ. ಅದನ್ನ ಚೀನಾದವನ ಕಡಿಂದ ಕದ್ದೀ ಅಂದ್ರ ಹ್ಯಾಂಗ?”

“ಕದ್ದಿ ಅಂದಿಲ್ರಿ ಯಾರೂ,” ಎಂದರು ಮೇಡಂ. “ಮೊದಲ ಇತ್ತು ಅಂದಾರ.”

“ನಮ್ಮೂರಾಗ ಎರಡೂ ಒಂದ ಅರ್ಥರಿ.”

ದೊಡ್ಡ ಮಿಲ್ಲಿನವರು ಯಂತ್ರ ನೋಡಿಕೊಂಡು ಹೋಗಿದ್ದಾರಂತೆ. ಪೇಟೆಂಟ್ ಸಿಕ್ಕರೆ ಇವರ ಕೈಯಿಂದಲೇ ಮಾಡಿಸುತ್ತಾರೆ. ಸಿಗದಿದ್ದರೆ ತಾವೇ ಮಾಡಿಕೊಳ್ಳುತ್ತಾರೆ, ಕೇಳುವವರಿಲ್ಲ. ಹೊರಡುವಾಗ ಅವರು ಮೇಡಂನ ಬಿಟ್ಟು ನನ್ನ ಕಡೆ ತಿರುಗಿದರು. “ಚೀನೀ ಬಲ್ಲ ಹುಡುಗಿ ನೀನ ಅಲ್ಲೇನು? ನಿನ್ನ ಮ್ಯಾಲ ಐತವಾ.”

ಬಲ್ಲೆ ಎಂದು ಯಾರು ಹೇಳಿದರು ಇವರಿಗೆ!

ಜೂನ್ 11, ಬುಧವಾರ

ಯಾರೂ ಸಿಕ್ಕಿಲ್ಲ. ಅವ್ವ ಆ ಬೇಳೆಯಲ್ಲಿ ಸಾರು ಮಾಡಿದಳು. ಎರಡು ಸಲ ಬಡಿಸಿಕೊಂಡೆ. ನಾಚಿಕೆಯಾಯಿತು.

ಜೂನ್ 12, ಗುರುವಾರ

ಮೇಡಂ ಒಪ್ಪಿಗೆ ಕೇಳಿದೆ. ಚೀನೀ ಪೇಟೆಂಟು ಹೇಗೂ ಊರಿಗೆಲ್ಲ ತೆರೆದಿಟ್ಟ ಕಾಗದ, ನಮ್ಮವರ ಹೆಸರು ಹೇಳದೆ ಒಂದು ಪುಟ ಗ್ರೂಪಿಗೆ ಹಾಕಲೇ ಎಂದು. “ಹಾಕು, ಹೆಸರು ಮಾತ್ರ ಎತ್ತಬ್ಯಾಡ,” ಎಂದರು.

ಹಾಕಿದೆ. ಎಲ್ಲರೂ ನಕ್ಕರು. ಇದರಲ್ಲಿ ನಾಯಕ ಯಾರು, ಜರಡಿಯೋ ಗಾಳಿಯೋ ಎಂದು ಒಬ್ಬ. ಆಮೇಲೆ ಡಸ್ಟ್ ಟೀ ಬಂದರು. ನನ್ನ ಸಂದೇಶದ ಪಕ್ಕ ಒಂದು ಕೆಂಪು ಹೂ. ನಾನು ಇನ್ನೂ ಒಂದು ಸಾಲೂ ಅನುವಾದ ಮಾಡಿಲ್ಲ, ತಪ್ಪೆಲ್ಲಿ?

ಕೆಳಗೆ ಒಂದೇ ಪ್ರಶ್ನೆ: ‘ಚಿತ್ರ ಎಲ್ಲಿ?’

ತಲೆಗೆ ಯಾರೋ ಮೊಟಕಿದ ಹಾಗಾಯಿತು. ನಮ್ಮ ಗ್ರೂಪಿನ ಮೊದಲ ನಿಯಮ ಇದು: ದೃಶ್ಯ ನೋಡದೆ ಸಾಲು ಮುಟ್ಟಬಾರದು. ಅವಳು ಬಾ ಎಂದಾಗ ಕೈಯಲ್ಲಿ ಹೂವಿದೆಯೋ ಕತ್ತಿಯೋ ನೋಡಬೇಡವೇ? ಮನೆಯಲ್ಲಿ ಸೀರಿಯಲ್‌ಗೆ ಇಷ್ಟು ನಿಷ್ಠೆ ತೋರಿಸುವ ನಾನು, ಆಫೀಸಿನಲ್ಲಿ ಕುರುಡರ ಹಾಗೆ ಬರಿ ಅಕ್ಷರ ಹಂಚಿದ್ದೇನೆ!

ಚಿತ್ರಗಳನ್ನು ಕಳಿಸಿದೆ. ಸಂಜೆಗೆ ಉತ್ತರ ಬಂತು. ಆ ಪುಟದ ಅನುವಾದ, ಒಂದು ಚೂರೂ ಚಂದ ಮಾಡಿಲ್ಲ, ಇಟ್ಟಿಗೆ ಇಟ್ಟ ಹಾಗೆ. ಕೊನೆಯಲ್ಲಿ: ‘ಬರಹದಲ್ಲಿ ಗಾಳಿ ಮೇಲಿನಿಂದ ಕೆಳಕ್ಕೆ. ಮೊದಲನೇ, ಎರಡನೇ ಚಿತ್ರದಲ್ಲೂ ಹಾಗೇ. ಮೂರನೇ ಚಿತ್ರದ ಬಾಣ ಮಾತ್ರ ಕೆಳಗಿನಿಂದ ಮೇಲಕ್ಕೆ. ಹೊಂದುತ್ತಿಲ್ಲ. ನಾನು ತಿದ್ದಿಲ್ಲ, ನೀವೂ ತಿದ್ದಬೇಡಿ.’ ಪಕ್ಕದಲ್ಲಿ ಕೆಂಪು ಹೂ.

ಮೇಲಿನಿಂದ! ಚೀನಾದವರದು ಮೇಲಿನಿಂದ, ನಮ್ಮದು ಕೆಳಗಿನಿಂದ! ಆಫೀಸಿನಲ್ಲೇ ಕುಣಿದೆ. ಕೆಳಗಿನ ಸೀರೆ ಅಂಗಡಿಯವರು ಫೋನು ಮಾಡಿ ಏನಾಯಿತು ಎಂದರು.

ಗ್ರೂಪಿನ ಹೊರಗೆ ಅವರೊಬ್ಬರಿಗೇ ಬರೆದು, ದುಡ್ಡು ಕೊಟ್ಟು ಪೂರ್ತಿ ಮಾಡಿಸುತ್ತೇವೆ, ನೀವು ಯಾವ ಊರಿನವರು ಎಂದು ಕೇಳಿದೆ. ಬಂದ ಉತ್ತರವನ್ನು ಎರಡು ಸಲ ಓದಿದೆ. ಸಂತೋಷ್‌ನಗರ. ನಮ್ಮ ಹೈದರಾಬಾದಿನ ಸಂತೋಷ್‌ನಗರ!

ಜೂನ್ 14, ಶನಿವಾರ

ಆಟೋದಲ್ಲಿ ದಾರಿಯುದ್ದಕ್ಕೂ ಕನ್ನಡಕ ಹಾಕಿದ, ಕಪ್ಪು ಟೀಶರ್ಟಿನ ಒಬ್ಬ ತೆಳ್ಳಗಿನ ಹುಡುಗನನ್ನು ಕಲ್ಪಿಸಿಕೊಂಡಿದ್ದೆ. ಬಾಗಿಲು ತೆಗೆದವರು ಬಿಳಿ ಜಡೆಯ ಒಬ್ಬ ಆಂಟಿ, ಹೆಗಲ ಮೇಲೆ ಅಡುಗೆಮನೆ ಟವೆಲ್ಲು.

“ಡಸ್ಟ್ ಟೀ... ಇದ್ದಾರಾ?” ಎಂದೆ.

“ಟೀ ಇಲ್ಲಮ್ಮ, ನಮ್ಮನೇಲಿ ಕಾಫೀನೇ. ಒಳಗೆ ಬಾ. ನಾನೇ ಅದು.”

ಸುಭದ್ರಾ ಆಂಟಿ. ಮೈಸೂರು ಕಡೆಯವರು. ಇಲ್ಲಿನ ರಕ್ಷಣಾ ಸಂಸ್ಥೆಯೊಂದರ ಲೈಬ್ರರಿಯಲ್ಲಿ ಚೀನೀ ತಾಂತ್ರಿಕ ಪತ್ರಿಕೆಗಳನ್ನು ಓದಿ ಇಂಗ್ಲಿಷಿಗೆ ತರುವುದೇ ಅವರ ನೌಕರಿ ಆಗಿತ್ತು, ನಿವೃತ್ತಿಯವರೆಗೂ. ಗಂಡ ಸೋಮಣ್ಣ ಅಂಕಲ್ ಪೇಪರಿನ ಹಿಂದಿನಿಂದ ಅಂದರು, “ಮೂವತ್ತು ವರ್ಷ ಆಫೀಸಲ್ಲಿ ಏನು ಮಾಡ್ತೀಯ ಅಂದ್ರೆ ಹೇಳೋ ಹಾಗಿಲ್ಲ ಅಂತಿದ್ಲು. ಈಗ ಮನೇಲಿ ಏನು ಮಾಡ್ತೀಯ ಅಂದ್ರೂ ಹೇಳಲ್ಲ. ನೋಡಿದ್ರೆ ರಾಜಕುಮಾರಿ ಸೀರಿಯಲ್ಲು.”

“ನನಗೆ ಕಿವಿ ಅಷ್ಟಕ್ಕಷ್ಟೇ ಕಂದ,” ಎಂದರು ಆಂಟಿ. “ಚೀನೀ ಸೀರಿಯಲ್‌ನಲ್ಲಿ ಮಾತೆಲ್ಲ ಅಕ್ಷರವಾಗಿ ಪರದೆ ಮೇಲೆ ಬರುತ್ತೆ. ಅದಕ್ಕೇ ಹತ್ತಿದ್ದು ಈ ಚಟ.”

ಸೆಲ್ಫಿ ಕೇಳಿದೆ. ಕೊಟ್ಟರು, ಆದರೆ ಗ್ರೂಪಿಗೆ ಹಾಕಕೂಡದು ಎಂಬ ಷರತ್ತಿನ ಮೇಲೆ. ಅಲ್ಲಿರುವವರು ಹೆದರುವುದು ನಿಲ್ಲಿಸಿಬಿಡುತ್ತಾರಂತೆ.

ಜೂನ್ 17, ಮಂಗಳವಾರ

ಪೂರ್ತಿ ಅನುವಾದ ಬಂತು, ಸಹಿ ಮಾಡಿದ ದೃಢೀಕರಣದ ಜೊತೆ. ಮೇಡಂ ಓದುತ್ತಾ ಹೋದಂತೆ ಬೆನ್ನು ನೆಟ್ಟಗಾಯಿತು. ಮುಗಿದ ಮೇಲೆ ಮತ್ತೆ ಕುಸಿಯಿತು.

“ಬರಹ ನಮ್ಮ ಕಡೆ ಐತಿ. ಮೂರನೇ ಚಿತ್ರ ಅವರ ಕಡೆ ಐತಿ. ಕೆಳಗಿಂದ ಗಾಳಿ ಬರೋದು ಈ ಚಿತ್ರದಾಗ ಕಾಣಸ್ತೈತಲ್ಲ ಅಂದ್ರ ಏನ್ ಹೇಳ್ಲಿ?”

“ಬರದವರನ್ನ ಕೇಳೂಣ್ರಿ,” ಎಂದೆ. “ಪೇಟೆಂಟಿನ ಮ್ಯಾಲ ಅವರ ಹೆಸರು, ಕಂಪನಿ ಹೆಸರು ಎಲ್ಲಾ ಐತಿ.”

ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯಲಿಲ್ಲ.

ಸುಭದ್ರಾ ಆಂಟಿ ಚೀನೀ ಅಕ್ಷರದಲ್ಲಿ ಒಂದು ಮರ್ಯಾದೆಯ ಪತ್ರ ಬರೆದು ಕೊಟ್ಟರು, ಕಂಪನಿಗೆ ಕಳಿಸಿದೆ. ಮಧ್ಯಾಹ್ನವೇ ಉತ್ತರ! ಆ ಯಂತ್ರ ಮಾಡಿದ ಝೌ ಎನ್ನುವ ತಾತ ಇದ್ದಾರೆ, ನಿವೃತ್ತರು, ಶುಕ್ರವಾರ ವಿಡಿಯೊದಲ್ಲಿ ಮಾತಾಡುತ್ತಾರೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಆಂಟಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಚೀನೀ ಮಾತಾಡಿಯೇ ಗೊತ್ತಿಲ್ಲ. ಈಗ ಬಾಯಿಂದ ಬಾಯಿಗೆ ದಾಟಿಸುವ ದುಭಾಷಿ ಬೇಕು, ಶುಕ್ರವಾರದೊಳಗೆ. ಕೇಳಿದವರೆಲ್ಲ ಮುಂದಿನ ತಿಂಗಳು ಬನ್ನಿ ಎಂದರು.

ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ, “ಸುಲ್ತಾನ್ ಬಜಾರ್‌ದಾಗ ಕ್ಲಿಪ್ಪು ಬಳಿ ಮಾರೋ ಉಮಾಬಾಯಿ ಇಲ್ಲೇನು? ಅಕಿ ಮಗ ಭರತ ಚೀನಾದಾಗ ಇದ್ದು ಮಾಲು ಕಳಸ್ತಿದ್ದ. ಚೀನೀ ಹುಡುಗ್ಯಾರ ಜೋಡಿ ಜಗಳ ಆಡಿ ರೇಟು ಇಳಸ್ತಿದ್ದನಂತ,” ಎಂದಳು.

ಜೂನ್ 19, ಗುರುವಾರ

ಭರತನನ್ನು ಆಫೀಸಿಗೆ ಕರೆಸಿದೆವು. ಅವನ ಚೀನೀ ಕೇಳಿ ಬೆರಗಾದೆ, ಪಟಾಕಿ ಸರದ ಹಾಗೆ ಹೊಡೆಯುತ್ತಾನೆ. ಆದರೆ! ಅಭ್ಯಾಸಕ್ಕೆ ಅಂತ ಸೀರಿಯಲ್ಲಿನ ಒಂದು ದೃಶ್ಯ ಹಾಕಿದೆ, ಅಕ್ಷರ ಮುಚ್ಚಿ. ಅತ್ತೆ ಉಸಿರು ಬಿಡದೆ ಸೊಸೆಯನ್ನು ಬೈದಳು. ನಿಲ್ಲಿಸಿ, ಹೇಳು ಎಂದೆ.

“ಸಿಟ್ಟಿಗೆದ್ದಾಳ,” ಎಂದ.

“ಅಷ್ಟೇನಾ? ಇಷ್ಟೊತ್ತು ಒದರಿದ್ಲಲ್ಲ!”

“ತಿರುಳು ಅಷ್ಟ ಅಕ್ಕಾ. ಧಂಧಾದಾಗ ಹಿಂಗ. ಚೀನಾದವ ನಿನ್ನ ರೇಟಿಗೆ ಕಚರಾನೂ ಬರೂದಿಲ್ಲ ಅಂದ್ರ, ನಾ ಅವ್ವಗ ‘ಸ್ವಲ್ಪ ಜಾಸ್ತಿ ಕೇಳ್ತಾನ’ ಅಂತಿದ್ದೆ. ಎಲ್ಲಾ ಇದ್ದಂಗ ಹೇಳಿದ್ರ ಯಾಪಾರ ಮುರೀತೈತಿ.”

“ಇಲ್ಲಿ ಎಲ್ಲಾ ಹೇಳದಿದ್ರ ಮುರೀತೈತಿ. ಕೆಮ್ಮಿದ್ರ ಕೆಮ್ಮಿದ ಅಂತ ಹೇಳು. ಆ ಅತ್ತಿ ಏನಂದ್ಲು, ಮೊದಲಿಂದ ಹೇಳು.”

ತಲೆ ಕೆರೆದುಕೊಂಡು, ಕೆಂಪಗಾಗಿ, ಪೂರ್ತಿ ಹೇಳಿದ. ಅದನ್ನು ಇಲ್ಲಿ ಬರೆಯಲಾರೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಮೇಡಂ ನೆತ್ತಿಗೇರಿಸಿಕೊಂಡರು.

ಜೂನ್ 20, ಶುಕ್ರವಾರ

ನಡೆದ ಹಾಗೆಯೇ ಬರೆಯುತ್ತೇನೆ, ಒಂದೂ ಚಂದ ಮಾಡದೆ.

ಮೇಡಂ, ಭರತ, ಶಿವಶರಣಪ್ಪನವರು, ನಾನು. ಪರದೆಯ ಮೇಲೆ ಝೌ ತಾತ, ಅಂಗಳದಲ್ಲಿ ಕುರ್ಚಿ ಹಾಕಿಕೊಂಡು. ಹಿಂದೆ ಅವರ ಹೆಂಡತಿ ಸೊಪ್ಪು ಬಿಡಿಸುತ್ತಿದ್ದರು. ಭರತ ನಮಸ್ಕಾರ ಹೇಳಿದ. ತಾತ ಏನೋ ಅಂದು ನಕ್ಕರು. ಭರತ ನನ್ನ ಮುಖ ನೋಡಿ, “ನನ್ನ ಚೀನೀ ಚಪ್ಪಲಿ ಮಾರೋನ ಚೀನೀ ಅಂತರಿ,” ಎಂದ. ಶಭಾಷ್! ಆಗಲೇ ಧೈರ್ಯ ಬಂತು.

ನಿಮ್ಮ ಯಂತ್ರದಲ್ಲಿ ಗಾಳಿ ಯಾವ ಕಡೆಯಿಂದ ಎಂದು ಕೇಳಿದೆವು. ಮೇಲಿನಿಂದ. ಹೆಸರುಕಾಳಿನ ಹೊಟ್ಟು ಪುಡಿಯಾಗಿ ಜರಡಿಯ ಕೆಳಗೆ ಇಳಿಯುತ್ತದೆ. ಹಾಗಾದರೆ ಮೂರನೇ ಚಿತ್ರ ಯಾಕೆ ಹಾಗೆ? ತಾತ ಕಾಗದ ನೋಡಿ ತಲೆ ಅಲ್ಲಾಡಿಸಿದರು. ಹಳೇ ಮಾತು, ನೆನಪಿಲ್ಲ, ಬಿಡಿಸಿದವನ ತಪ್ಪಿರಬೇಕು.

“ಬರಿ ಬಾಯಿಮಾತು ವಿಚಾರಣಿಗೆ ಸಾಲೂದಿಲ್ಲ,” ಎಂದರು ಮೇಡಂ, ಮೆಲ್ಲಗೆ. ಶಿವಶರಣಪ್ಪನವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಮೇಡಂ ಫೈಲು ಮುಚ್ಚಿ, “ಇರ್ಲಿ, ಥ್ಯಾಂಕ್ಸ್ ಹೇಳಿ ಮುಗಸು ಭರತ,” ಎಂದರು.

ಅಷ್ಟರಲ್ಲಿ ಹಿಂದಿನಿಂದ ಹೆಂಡತಿ ಏನೋ ಗೊಣಗಿದರು. ತಾತ ತಿರುಗಿ ಗದರಿದರು. ಆ ಗೊಣಗಾಟದಲ್ಲಿ ಒಂದೇ ಒಂದು ಪದ ನನ್ನ ಕಿವಿಗೆ ಸಿಕ್ಕಿತು. ಬಾಣ! ಎಷ್ಟು ರಾಜಕುಮಾರರು ಅದು ತಗುಲಿ ನನ್ನ ಕಣ್ಣ ಮುಂದೆ ಬಿದ್ದಿದ್ದಾರೆ, ಆ ಪದ ತಪ್ಪುವುದಿಲ್ಲ.

“ತಡೀರಿ!” ಎಂದೆ. “ಭರತ, ಹಿಂದ ಅವರು ಏನಂದ್ರು?”

“ಅದು ಗಂಡ ಹೆಂಡ್ತಿ ಮಾತಕ್ಕಾ. ನಮಗ್ಯಾಕ?”

“ಸ್ನೇಹಲತಾ, ಮುಗಸೂಣು,” ಎಂದರು ಮೇಡಂ.

“ಇಲ್ರಿ. ಎಲ್ಲಾ ಹೇಳ್ಬೇಕು ಅಂತ ಮಾತಾಗೇತಿ. ಹೇಳೋ.”

ಭರತ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿದ. “ಅಜ್ಜಿ ಅಂದ್ಲು, ಆ ಬಾಣದ ಸಲುವಾಗಿ ಅಳಿಯಗ ಬೈದು ಮನಿ ಬಿಡಸಿದ್ದು ಮರ್ತಿಯೇನು ಮುದುಕಾ. ತಿದ್ದಿದ ಕಾಗದ ಛಾಪಾ ಆಗಿ ಬಂದಮ್ಯಾಲ ಅಲ್ಲೇನು ಅವ ಹಬ್ಬಕ್ಕ ಮನಿಗೆ ಬಂದದ್ದು. ಅಜ್ಜ ಅಂದ, ಪರದೇಶದವರ ಮುಂದ ಮನಿ ಮರ್ಯಾದಿ ತೆಗೀಬ್ಯಾಡ.”

ತಿದ್ದಿದ ಕಾಗದ ಛಾಪಾ ಆಗಿತ್ತು!

ಕೇಳು, ಕೇಳು ಎಂದು ಮೇಡಂ ಭರತನ ಭುಜ ಅಲ್ಲಾಡಿಸಿದರು. ತಾತ ನಾಚಿಕೊಂಡು ಒಪ್ಪಿದರು. ಚಿತ್ರ ಬಿಡಿಸಿದ್ದು ಅಳಿಯ. ಬಾಣ ಉಲ್ಟಾ ಹಾಕಿದ್ದ. ಮರುವರ್ಷವೇ ತಿದ್ದುಪಡಿ ಪ್ರಕಟವಾಗಿತ್ತು, ಶಿವಶರಣಪ್ಪನವರು ಅರ್ಜಿ ಹಾಕುವುದಕ್ಕೆ ಎಷ್ಟೋ ಮೊದಲು. ಅಜ್ಜಿ ಎದ್ದು ಒಳಗೆ ಹೋಗಿ ಪ್ರತಿಯನ್ನೇ ತಂದು ಕ್ಯಾಮೆರಾಗೆ ಹಿಡಿದರು. ಅದರ ತಾರೀಕು ಹಿಡಿದು ಹುಡುಕಿದರೆ, ಎಲ್ಲರಿಗೂ ಕಾಣುವ ಹಾಗೆ ಅಲ್ಲೇ ಇದೆ. ತಿದ್ದಿದ ಮೂರನೇ ಚಿತ್ರ, ಬಾಣ ಮೇಲಿನಿಂದ ಕೆಳಕ್ಕೆ. ಸುಭದ್ರಾ ಆಂಟಿಗೆ ಕಳಿಸಿದೆ. ಅವರು ಅದನ್ನೂ ಅನುವಾದ ಮಾಡಿ ಸಂಜೆಯೊಳಗೆ ಕೊಟ್ಟರು.

ಶಿವಶರಣಪ್ಪನವರು ಪರದೆಗೆ ಕೈ ಮುಗಿದು, “ಅಳಿಯಗ ನಮ್ಮ ಶರಣು ಹೇಳ್ರಿ,” ಎಂದರು. ಭರತ ಅದನ್ನೂ ಹೇಳಿದ. ಅಜ್ಜಿ ಸೊಪ್ಪು ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕರು. ಅವರು ಅಂದದ್ದನ್ನೂ ಭರತ ದಾಟಿಸಿದ: “ಅಳಿಯ ಇಂಥಾ ಉಲ್ಟಾ ಕೆಲಸ ಇನ್ನೂ ಭಾಳ ಮಾಡ್ಯಾನ, ಬೇಕಾದ್ರ ಕಳಸ್ತೀವಿ.”

ನಾನು ಮೇಡಂ ಮಾತಿಗೆ ಅಡ್ಡ ಬಾಯಿ ಹಾಕಿದೆನಂತೆ. ಭರತ ಕೆಳಗೆ ಇಳಿಯುವಾಗ ಹೇಳಿದ. ನನಗೆ ಆಗ ಅದು ಗೊತ್ತೇ ಆಗಲಿಲ್ಲ.

ಜೂನ್ 26, ಗುರುವಾರ

ವಿಚಾರಣೆ ವಿಡಿಯೊದಲ್ಲೇ ಆಯಿತು. ಮೇಡಂ ವಾದಿಸಿದರು. ನಾನು ಪಕ್ಕದಲ್ಲಿ ಪುಟ ತೆಗೆದುಕೊಟ್ಟೆ. ಅಧಿಕಾರಿ ಶಾಂತವಾಗಿ ಎಲ್ಲ ಕೇಳಿ, ಅನುವಾದದಲ್ಲಿ ಈ ವ್ಯತ್ಯಾಸವನ್ನು ಟಿಪ್ಪಣಿಯಾಗಿ ಹಾಕಿದವರು ಯಾರು ಎಂದರು. ತಿದ್ದಿ ಸರಿ ಮಾಡಿಬಿಡದೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದರಿಂದ ಈ ಅನುವಾದವನ್ನು ನಂಬಬಹುದು ಎಂದೂ ಅಂದರು. ಸುಭದ್ರಾ ಆಂಟಿಗೆ ಫೋನಿನಲ್ಲಿ ಕೂಗಿ ಹೇಳಿದೆ. ಕೇಳಿಸಲಿಲ್ಲ. ಬರೆದು ಕಳಿಸಿದೆ.

ಅವರು ಹೂ ಇಡಲಿಲ್ಲ. ಒಂದು ಹಸಿರೆಲೆ ಇಟ್ಟರು. ಗ್ರೂಪಿನಲ್ಲಿ ಇದುವರೆಗೆ ಯಾರಿಗೂ ಸಿಗದ ಹಸಿರೆಲೆ, ಮತ್ತು ನಾನು ಅದನ್ನು ಯಾರಿಗೂ ತೋರಿಸುವ ಹಾಗಿಲ್ಲ!

ಜುಲೈ 22, ಮಂಗಳವಾರ

ಮಂಜೂರು! ಮಂಜೂರು! ಮಂಜೂರು!

ಶಿವಶರಣಪ್ಪನವರು ಬೇಳೆ ಹೋಳಿಗೆಯ ಡಬ್ಬಿ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದರು. ಸೀರೆ ಅಂಗಡಿಯವರಿಗೂ ಕೊಟ್ಟರು. ದೊಡ್ಡ ಮಿಲ್ಲಿನವರು ಸುದ್ದಿ ಕೇಳಿ ಬೆಳಿಗ್ಗೆಯೇ ಬಂದು ಕೈ ಕುಲುಕಿ ಹೋದರಂತೆ, ಯಂತ್ರ ಇವರ ವರ್ಕ್‌ಶಾಪಿನಲ್ಲೇ ಆಗುತ್ತದೆ. ಪೇಟೆಂಟಿನ ಕಾಗದ ಬಿಚ್ಚಿ ಮೊದಲು ನನ್ನ ಕೈಗೆ ಇಟ್ಟರು. ನಾನು ನೇರ ಚಿತ್ರದ ಪುಟಕ್ಕೆ ಹೋದೆ. ಜರಡಿ, ಅದರ ಕೆಳಗೆ ಬಾಣ, ಕೆಳಗಿನಿಂದ ಮೇಲಕ್ಕೆ. ಬರಹದಲ್ಲೂ ಹಾಗೇ. ಮತ್ತೊಮ್ಮೆ ನೋಡಿ ಕೊಟ್ಟೆ.

“ಏನ್ ನೋಡಿದ್ಯವಾ ಅಷ್ಟು?”

“ನಿಮ್ಮ ಅವ್ವನ ಉಫ್ ಸರಿ ಕಡಿಗೆ ಐತೇನು ಅಂತ ನೋಡಿದ್ನಿರಿ.”

ಅವರು ಇನ್ನೊಂದು ಹೋಳಿಗೆ ನನ್ನ ತಟ್ಟೆಗೆ ಹಾಕಿ, ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಕನ್ನಡಕ ಒರೆಸಿದರು.

ಸಂಜೆ ಮೇಡಂ ಒಂದು ದಪ್ಪ ಕಟ್ಟು ತಂದು ನನ್ನ ಮೇಜಿನ ಮೇಲೆ ಇಟ್ಟರು. ಇನ್ನೊಬ್ಬ ಕಕ್ಷಿದಾರರದು, ಮತ್ತೆ ಚೀನೀ, ಈ ಸಲ ಔಷಧ ತುಂಬುವ ಯಂತ್ರ.

“ಸುಭದ್ರಾ ಅವರಿಗೆ ಇವತ್ತ ಕಳಸಿಬಿಡು. ಅರ್ಜೆಂಟ್ ಐತಿ.”

ಕಟ್ಟು ಬಿಚ್ಚಿದೆ. ಪುಟ ತಿರುವಿದೆ. ಅಕ್ಷರ, ಅಕ್ಷರ, ಬರಿ ಅಕ್ಷರ. ಕಟ್ಟನ್ನು ಮೇಡಂ ಕಡೆ ವಾಪಸ್ಸು ಸರಿಸಿದೆ.

“ಚಿತ್ರ ಎಲ್ಲೈತ್ರಿ ಮೇಡಂ?”